ರಾಜಧಾನಿಯ ನಕ್ಷೆ ಬರೆದವನಿಗೆ ದಕ್ಕದ ಸಂಭಾವನೆ

ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನ ಅಗಲವಾದ ರಾಜಬೀದಿಗಳು, ಅವುಗಳನ್ನು ಓರೆಯಾಗಿ ಹಾಯುವ ರಸ್ತೆಗಳು, ದಿಬ್ಬದ ಮೇಲಿನ ಸಂಸತ್ ಭವನದ ನಿವೇಶನ ಇವೆಲ್ಲವೂ ಮೊದಲು ಮೂಡಿದ್ದು ಪಿಯರ್ ಚಾರ್ಲ್ಸ್ ಲಾನ್‌ಫಾಂಟ್ ಎಂಬ ಫ್ರೆಂಚ್ ಶಿಲ್ಪಿಯ ನಕ್ಷೆಯಲ್ಲಿ. ಇಂಥ ಮಹಾನಗರಕ್ಕೆ ರೂಪ ಕೊಟ್ಟ ಈತ 1825ರಲ್ಲಿ ಕಣ್ಣು ಮುಚ್ಚಿದಾಗ ಬಿಟ್ಟುಹೋದ ಸ್ವತ್ತಿನ ಬೆಲೆ ಕೇವಲ 45 ಡಾಲರ್!

1754ರಲ್ಲಿ ಪ್ಯಾರಿಸ್‌ನಲ್ಲಿ ಜನಿಸಿದ ಲಾನ್‌ಫಾಂಟ್, 1777ರಲ್ಲಿ ಅಮೆರಿಕದ ಸ್ವಾತಂತ್ರ್ಯ ಸಮರಕ್ಕೆ ಧುಮುಕಿದ. 1779ರ ಸವಾನಾ ಕದನದಲ್ಲಿ ಗಾಯಗೊಂಡ. ಮರುವರ್ಷ ಚಾರ್ಲ್‌ಸ್ಟನ್‌ನಲ್ಲಿ ಬ್ರಿಟಿಷರಿಗೆ ಸೆರೆಸಿಕ್ಕ. ಯುದ್ಧಾನಂತರ ನ್ಯೂಯಾರ್ಕ್‌ನ ಹಳೆಯ ಪುರಭವನವನ್ನು ಫೆಡರಲ್ ಹಾಲ್ ಆಗಿ ಮಾರ್ಪಡಿಸಿದ. 1789ರ ಏಪ್ರಿಲ್ 30ರಂದು ಜಾರ್ಜ್ ವಾಷಿಂಗ್ಟನ್ ಪ್ರಥಮ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ್ದು ಅಲ್ಲಿಯೇ. ಆ ಕೆಲಸಕ್ಕಾಗಿ ನಗರಾಡಳಿತ ನೀಡಲು ಮುಂದಾದ 10 ಎಕರೆ ಭೂಮಿಯನ್ನು ಈ ಸ್ವಾಭಿಮಾನಿ ನಿರಾಕರಿಸಿದ.

1791ರಲ್ಲಿ ಹೊಸ ರಾಜಧಾನಿಯ ಹೊಣೆ ಆತನ ಹೆಗಲೇರಿತು. ಸಂಭಾವನೆ ಎಷ್ಟು, ಯಾವಾಗ, ಯಾರಿಂದ ಎಂಬ ಕರಾರು ಮಾತ್ರ ಆಗಲೇ ಇಲ್ಲ. ಕೀರ್ತಿಯ ಬೆನ್ನೇರಿ ಹಣವೂ ಬಂದೀತು ಎಂಬ ನಂಬಿಕೆಯೇ ಆತನ ಬಂಡವಾಳ. ಆ ವರ್ಷದ ನವೆಂಬರ್‌ನಲ್ಲಿ ಪ್ರಭಾವಿ ಭೂಮಾಲೀಕ ಡೇನಿಯಲ್ ಕ್ಯಾರೊಲ್ ಕಟ್ಟಿಸುತ್ತಿದ್ದ ಮನೆ ತನ್ನ ರಸ್ತೆಗೆ ಅಡ್ಡವಾಗಿದೆಯೆಂದು ಅದನ್ನು ಕೆಡವಿಸಿದ. ನಗರದ ಆಯುಕ್ತರೊಂದಿಗೆ ವಿರಸ ಬೆಳೆಯಿತು. 1792ರ ಫೆಬ್ರುವರಿಯಲ್ಲಿ ಆತನ ಸೇವೆ ಕೊನೆಗೊಂಡಿತು.

ವಿಪರ್ಯಾಸವೆಂದರೆ, ಕಟ್ಟಡ ಕಟ್ಟುವವರ ಹಣಕ್ಕೆ ರಕ್ಷಣೆ ನೀಡಿದ ಅಮೆರಿಕದ ಮೊದಲ ಕಾನೂನು ಎನಿಸಿಕೊಂಡ ಶಾಸನ ಜಾರಿಗೆ ಬಂದದ್ದು ಅದೇ ನಗರಕ್ಕಾಗಿ, ಅದೇ ಅವಧಿಯಲ್ಲಿ. ಬರಿಯ ಬಯಲಿನಲ್ಲಿ ಮನೆ ಕಟ್ಟಲು ಮೇಸ್ತ್ರಿಗಳನ್ನು ಸೆಳೆಯಬೇಕಿತ್ತು. ಅದಕ್ಕಾಗಿ 1791ರ ಡಿಸೆಂಬರ್‌ನಲ್ಲಿ ಮೇರಿಲ್ಯಾಂಡ್ ಶಾಸನಸಭೆ ಅವರಿಗೆ ಲಿಯನ್ ಹಕ್ಕು ನೀಡಿತು. ಬಾಕಿ ತೀರುವ ತನಕ ಕಟ್ಟಡದ ಮೇಲೂ ಅದರ ನಿವೇಶನದ ಮೇಲೂ ಉಳಿಯುವ ಹಕ್ಕು ಇದು. ಕರಾರು ಬರಹದಲ್ಲಿರಬೇಕು, ಅಧಿಕಾರಿಯ ಮುಂದೆ ಒಪ್ಪಿಕೊಂಡ ಆರು ತಿಂಗಳೊಳಗೆ ನೋಂದಣಿಯಾಗಬೇಕು, ಕೆಲಸ ಮುಗಿದ ಎರಡು ವರ್ಷದೊಳಗೆ ನ್ಯಾಯಾಲಯದ ಮೊರೆ ಹೋಗಬೇಕು. ಈ ಷರತ್ತುಗಳನ್ನು ಪಾಲಿಸಿದವನ ಹಕ್ಕು, ಮನೆ ಬೇರೆಯವರ ಕೈಸೇರಿದರೂ ಅಳಿಯುತ್ತಿರಲಿಲ್ಲ.

ಇಟ್ಟಿಗೆ ಕೆಲಸದವನಿಗೂ ಬಡಗಿಗೂ ದೊರೆತ ಈ ಆಸರೆ ಲಾನ್‌ಫಾಂಟ್‌ಗೆ ದೊರೆಯಲಿಲ್ಲ. ಆತ ಕಟ್ಟಿದ್ದು ಮನೆಯನ್ನಲ್ಲ, ಬರೆದದ್ದು ನಕ್ಷೆಯನ್ನು. ಕೈಯಲ್ಲಿ ಲಿಖಿತ ಕರಾರೂ ಇರಲಿಲ್ಲ. ಸೇವೆಯಿಂದ ಬಿಡುವಾಗ 500 ಗಿನಿ ಹಣ ಹಾಗೂ ಅಧ್ಯಕ್ಷರ ನಿವಾಸದ ಬಳಿ ಒಂದು ನಿವೇಶನ ಕೊಡುವ ಪ್ರಸ್ತಾಪ ಬಂದಿತು. ಅದನ್ನೂ ತಿರಸ್ಕರಿಸಿದ. ಆಂಡ್ರ್ಯೂ ಎಲಿಕಾಟ್ ತಿದ್ದಿ ಸಿದ್ಧಪಡಿಸಿದ ನಕ್ಷೆ ಅದೇ ವರ್ಷ ಅಚ್ಚಾದಾಗ ಲಾನ್‌ಫಾಂಟ್‌ನ ಹೆಸರೂ ಅದರಲ್ಲಿ ಇರಲಿಲ್ಲ.

ಮುಂದಿನ ಬದುಕು ಅರ್ಜಿಗಳ ಸರಮಾಲೆ. 95,500 ಡಾಲರ್ ಬಾಕಿಯಿದೆ ಎಂದು ಆತ ವಾದಿಸಿದ. 1810ರಲ್ಲಿ ಸಂಸತ್ತು ಮಂಜೂರು ಮಾಡಿದ್ದು ಬಡ್ಡಿ ಸೇರಿ ಸುಮಾರು 1,400 ಡಾಲರ್ ಮಾತ್ರ. ಕೊನೆಯ ದಿನಗಳನ್ನು ಮೇರಿಲ್ಯಾಂಡ್‌ನ ಗ್ರೀನ್ ಹಿಲ್ ಎಸ್ಟೇಟಿನಲ್ಲಿ ಪರರ ಆಶ್ರಯದಲ್ಲಿ ಕಳೆದು, ಅಲ್ಲಿಯೇ ಮಣ್ಣಾದ.

ಮೇರಿಲ್ಯಾಂಡ್ ಹಾಕಿಕೊಟ್ಟ ದಾರಿಯನ್ನು ಕಾಲಕ್ರಮದಲ್ಲಿ ಅಮೆರಿಕದ ಎಲ್ಲ ರಾಜ್ಯಗಳೂ ತುಳಿದವು. ಹಲವು ರಾಜ್ಯಗಳಲ್ಲಿ ಇಂದು ನಕ್ಷೆ ಬರೆಯುವ ವಾಸ್ತುಶಿಲ್ಪಿಗೂ ಲಿಯನ್ ಹಕ್ಕಿದೆ. ಸರ್ಕಾರಿ ಕಟ್ಟಡಗಳ ಮೇಲೆ ಈ ಹಕ್ಕು ನಡೆಯದು. ಆದ್ದರಿಂದ ಕೇಂದ್ರ ಸರ್ಕಾರದ ದೊಡ್ಡ ಕಾಮಗಾರಿಗಳಲ್ಲಿ ಮುಖ್ಯ ಗುತ್ತಿಗೆದಾರ ತನ್ನ ಕೈಕೆಳಗಿನವರ ಹಣಕ್ಕೆ ಖಾತರಿಪತ್ರ ಒದಗಿಸಬೇಕೆಂದು 1935ರ ಮಿಲ್ಲರ್ ಕಾಯಿದೆ ವಿಧಿಸಿತು.

ಲಾನ್‌ಫಾಂಟ್‌ಗೆ ಗೌರವ ದೊರೆತದ್ದು ಸತ್ತು 84 ವರ್ಷಗಳ ನಂತರ. 1909ರಲ್ಲಿ ಆತನ ಅವಶೇಷಗಳನ್ನು ಹೊರತೆಗೆದು, ಸಂಸತ್ ಭವನದಲ್ಲಿ ಅಂತಿಮ ದರ್ಶನಕ್ಕಿರಿಸಿ, ಆರ್ಲಿಂಗ್ಟನ್ ಸ್ಮಶಾನದ ದಿಬ್ಬದ ಮೇಲೆ ಮರುಸಂಸ್ಕಾರ ಮಾಡಲಾಯಿತು. ಸಮಾಧಿಯ ಕಲ್ಲಿನ ಮೇಲೆ ಆತನ ನಗರದ ನಕ್ಷೆಯನ್ನೇ ಕೆತ್ತಲಾಗಿದೆ. ಕೀರ್ತಿ ತಡವಾಗಿಯಾದರೂ ಬಂದಿತು. ಕರಾರಿಲ್ಲದ ದುಡಿಮೆಯ ಹಣ ಮಾತ್ರ ಕೊನೆಗೂ ಬರಲಿಲ್ಲ.