ಹಲಗೆಯೂ ಚೌಕಟ್ಟೂ: ಧನ್ಯ ಫ್ರಾ ಆಂಜೆಲಿಕೊ ಅವರ ಬಾಳು

ಕಮಾನುಗಳ ಕೆಳಗೆ ಮಾತೆ ಮರಿಯಮ್ಮನವರು ಎದೆಯ ಮೇಲೆ ಕೈ ಜೋಡಿಸಿ ಕುಳಿತಿರುವರು. ಎದುರಿಗೆ ಬಣ್ಣಬಣ್ಣದ ರೆಕ್ಕೆಗಳ ಗಬ್ರಿಯೇಲ ದೂತನು ಬಾಗಿ ನಿಂತಿರುವನು. ಮಂಗಳವಾರ್ತೆಯ ಈ ಚಿತ್ರವನ್ನು ಕ್ಯಾಲೆಂಡರಿನಲ್ಲಿಯೋ ಪ್ರಾರ್ಥನೆಯ ಚೀಟಿಯಲ್ಲಿಯೋ ಕಾಣದ ಕಥೋಲಿಕರು ವಿರಳ. ಅದನ್ನು ಬರೆದವರು 15ನೆಯ ಶತಮಾನದ ಒಬ್ಬ ಸಂನ್ಯಾಸಿ ಎಂಬುದನ್ನು ಬಲ್ಲವರು ಮಾತ್ರ ಕಡಿಮೆ. ಅವರ ಬಾಳನ್ನು ಇಲ್ಲಿ ನಾವು ಅವರ ಮರಗೆಲಸದ ಬದಿಯಿಂದ ನೋಡಬಯಸುತ್ತೇವೆ.

ಇಟಲಿಯ ಫ್ಲಾರೆನ್ಸ್ ನಗರದ ಉತ್ತರಕ್ಕಿರುವ ಮುಜೆಲ್ಲೊ ಕಣಿವೆಯಲ್ಲಿ, ವಿಕ್ಕಿಯೊ ಎಂಬ ಊರಿನ ಬಳಿ, 14ನೆಯ ಶತಮಾನದ ಕೊನೆಗೆ ಅವರು ಹುಟ್ಟಿದರು. ಮನೆಯವರು ಇಟ್ಟ ಹೆಸರು ಗೈದೊ. 1417ರ ವೇಳೆಗಾಗಲೇ ಅವರು ಚಿತ್ರಕಾರರೆಂದು ದಾಖಲೆಯಲ್ಲಿ ಕಾಣುತ್ತಾರೆ. 1423ರ ಹೊತ್ತಿಗೆ ಫಿಯೆಸೊಲೆಯ ಡೊಮಿನಿಕನ್ ಮಠವನ್ನು ಸೇರಿ ಫ್ರಾ ಜೊವಾನ್ನಿ ಎನಿಸಿಕೊಂಡಿದ್ದರು. ಅವರ ಸಹೋದರ ಬೆನೆದೆತ್ತೊ ಸಹ ಅದೇ ಮಠದಲ್ಲಿ ಲಿಪಿಕಾರರಾಗಿದ್ದರು. ಆಂಜೆಲಿಕೊ, ಅಂದರೆ ದೇವದೂತನಂಥವರು, ಎಂಬ ಹೆಸರು ಮರಣಾನಂತರ ಜನ ಕೊಟ್ಟದ್ದು.

ಅಂದು ಪೀಠದ ಚಿತ್ರವೆಂದರೆ ಬಟ್ಟೆಯ ಮೇಲಿನ ಚಿತ್ರವಲ್ಲ, ಮರದ ಚಿತ್ರ. ಪಾಪ್ಲರ್ ಮರದ ಹಲಗೆಗಳನ್ನು ಗಿಣ್ಣಿನಿಂದ ತೆಗೆದ ಅಂಟಿನಿಂದ ಕೂಡಿಸುತ್ತಿದ್ದರು. ನಮ್ಮ ಸಾಗುವಾನಿ, ಹಲಸಿನ ಮುಂದೆ ಅದು ಮೆದು ಮರ. ಹುಳ ಹಿಡಿಯುತ್ತದೆ, ಡೊಂಕಾಗುತ್ತದೆ. ಅದರ ಮೇಲೆ ನಾರುಬಟ್ಟೆಯನ್ನು ಅಂಟಿಸಿ, ಚರ್ಮವನ್ನು ಕುದಿಸಿ ತೆಗೆದ ಅಂಟಿನಲ್ಲಿ ಜಿಪ್ಸಮ್ ಪುಡಿಯನ್ನು ಕಲಸಿ ಪದರ ಪದರವಾಗಿ ಬಳಿದು, ದಂತದಂತೆ ನುಣ್ಣಗಾಗುವವರೆಗೆ ಕೆರೆಯುತ್ತಿದ್ದರು. ಚಿನ್ನದ ರೇಕು ಕೂರಬೇಕಾದಲ್ಲಿ ಕೆಂಪು ಜೇಡಿಯ ಲೇಪ. ಬಣ್ಣಕ್ಕೆ ಮೊಟ್ಟೆಯ ಹಳದಿ. ಚೌಕಟ್ಟನ್ನು ಬಹುಮಟ್ಟಿಗೆ ಬಡಗಿಯೇ ಮೊದಲು ಹಲಗೆಗೆ ಕೂಡಿಸಿಕೊಡುತ್ತಿದ್ದನು. ಚಿತ್ರ ಮುಗಿದ ಮೇಲೆ ಅಂಗಡಿಗೆ ಒಯ್ದು ಕಟ್ಟು ಹಾಕಿಸುವ ಇಂದಿನ ಪದ್ಧತಿ ಆಗ ಇರಲಿಲ್ಲ. ಚೌಕಟ್ಟು ಹೇಗೋ ಚಿತ್ರವೂ ಹಾಗೆ.

ಆ ಚೌಕಟ್ಟು ಸಂತರನ್ನು ಬೇರೆ ಬೇರೆ ಇಡುತ್ತಿತ್ತು. ನಡುವಿನ ಹಲಗೆಯಲ್ಲಿ ದೇವಮಾತೆ. ಎಡಬಲದಲ್ಲಿ ಚೂಪು ಕಮಾನಿನ ಒಂದೊಂದು ಗೂಡಿನಲ್ಲಿ ಒಬ್ಬೊಬ್ಬ ಸಂತರು. ನಡುನಡುವೆ ಮರದ ಕಂಬ. ಫಿಯೆಸೊಲೆಯ ಮಠಕ್ಕಾಗಿ ಸುಮಾರು 1424ರಲ್ಲಿ ಫ್ರಾ ಜೊವಾನ್ನಿ ಬರೆದದ್ದೂ ಇಂಥದೇ. ಮುಂದೆ ಸಾಂತಾ ತ್ರಿನಿತಾ ದೇವಾಲಯಕ್ಕೆ ಲೊರೆಂಜೊ ಮೊನಾಕೊ ಎಂಬ ಹಿರಿಯ ಚಿತ್ರಕಾರರು ಆರಂಭಿಸಿ ತೀರಿಕೊಂಡಿದ್ದ ಮೂರು ಕಮಾನಿನ ಪೀಠಚಿತ್ರವು ಇವರ ಕೈಗೆ ಬಂತು. ಆಕಾರ ಬೇರೆಯವರದು. ಇವರು ಮೂರು ಕಮಾನುಗಳನ್ನೂ ಲೆಕ್ಕಿಸದೆ, ಯೇಸುಸ್ವಾಮಿಯನ್ನು ಶಿಲುಬೆಯಿಂದ ಇಳಿಸುವ ಒಂದೇ ದೃಶ್ಯವನ್ನು ಒಂದು ಅಂಚಿನಿಂದ ಇನ್ನೊಂದಕ್ಕೆ ಹರಡಿದರು. ಪಕ್ಕದ ಕಂಬಗಳಲ್ಲಿ ಪುಟ್ಟ ಸಂತರನ್ನು ನಿಲ್ಲಿಸಿದರು. ಅದು 1432ರಲ್ಲಿ ಪೀಠವನ್ನೇರಿತು. ಮರುವರ್ಷ ನಾರುಬಟ್ಟೆ ವ್ಯಾಪಾರಿಗಳ ಸಂಘಕ್ಕೆ, ಶಿಲ್ಪಿ ಗಿಬೆರ್ತಿ ರೂಪಿಸಿದ ಅಮೃತಶಿಲೆಯ ಚೌಕಟ್ಟಿನೊಳಗೆ, ಬಾಗಿಲುಗಳುಳ್ಳ ಬೃಹತ್ ಹಲಗೆಯನ್ನು ಬರೆಯಲು ಒಪ್ಪಿದರು. 190 ಫ್ಲೋರಿನ್, ಅಥವಾ ಅವರ ಅಂತಃಸಾಕ್ಷಿ ಒಪ್ಪುವ ಕಡಿಮೆ ಮೊತ್ತ, ಎಂದು ಕರಾರು. ಕಟ್ಟಡ ಸಮಿತಿಗಳ ಲೆಕ್ಕಪತ್ರ ನೋಡಿ ಬಲ್ಲ ನಮಗೆ ಈ ಕರಾರು ಬಹಳ ಹಿಡಿಸಿತು.

ಕೊಸಿಮೊ ದೆ ಮೆದಿಚಿಯ ವೆಚ್ಚದಲ್ಲಿ ಸಾನ್ ಮಾರ್ಕೊ ಮಠ ಹೊಸದಾಗಿ ಕಟ್ಟಲ್ಪಟ್ಟಾಗ ಅದರ ಮುಖ್ಯ ಪೀಠಕ್ಕಾಗಿ ಇವರು ಬರೆದ ಚಿತ್ರದಲ್ಲಿ ಗೂಡುಗಳೇ ಇಲ್ಲ. ಎತ್ತರವೂ ಅಗಲವೂ ಸುಮಾರು ಎರಡೂಕಾಲು ಮೀಟರ್, ಹೆಚ್ಚುಕಡಿಮೆ ಚಚ್ಚೌಕ. ಸಂತರೆಲ್ಲರೂ ಒಂದೇ ನೆಲದ ಮೇಲೆ, ಒಂದೇ ಆಕಾಶದಡಿ, ತಾಯಿ ಮಗುವಿನ ಸುತ್ತ ನೆರೆದಿದ್ದಾರೆ. ಮುಂದೆ ಹಾಸಿದ ಜಮಖಾನದ ಮೇಲೆ ವೈದ್ಯ ಸಂತರಾದ ಕೊಸ್ಮಸ್, ದಮಿಯಾನರು ಮೊಣಕಾಲೂರಿದ್ದಾರೆ. ಕೊಸ್ಮಸರು ನಮ್ಮತ್ತ ತಿರುಗಿ, ನಾವೂ ಬರಬೇಕೆಂಬಂತೆ ಕೈ ತೋರುತ್ತಾರೆ. ಕೆಳಗೆ, ಬಲಿಪೂಜೆ ಅರ್ಪಿಸುವ ಗುರುವಿನ ಕಣ್ಣಿಗೆ ನೇರವಾಗಿ, ಚಿಕ್ಕ ಶಿಲುಬೆಯ ಚಿತ್ರವೊಂದನ್ನು ಅದರದೇ ಚೌಕಟ್ಟಿನೊಡನೆ ಬರೆದಿದ್ದಾರೆ. ಚಿತ್ರದೊಳಗೊಂದು ಚಿತ್ರ! 1443ರಲ್ಲಿ ಪೋಪ್ ನಾಲ್ಕನೆಯ ಯುಜೀನರು ಆ ದೇವಾಲಯವನ್ನು ಅಭಿಷೇಕಿಸಿದರು.

ಬಳಿಕ ಅವರನ್ನು ರೋಮಿಗೆ ಕರೆಸಲಾಯಿತು. ವ್ಯಾಟಿಕನ್ನಿನಲ್ಲಿ ಐದನೆಯ ನಿಕೊಲಾಸರ ಪ್ರಾರ್ಥನಾಲಯದ ಗೋಡೆಗಳಿಗೆ ಸಂತ ಸ್ತೇಫಾನ, ಸಂತ ಲೊರೆನ್ಸರ ಚರಿತ್ರೆ ಬರೆದರು. 1450ರಲ್ಲಿ ಫಿಯೆಸೊಲೆಯ ಮಠದ ಹಿರಿಯರಾದರು. ಕೊನೆಗಾಲದ ಕೆಲಸಗಳಲ್ಲಿ ಒಂದು, ಬೆಳ್ಳಿಯ ಹರಕೆಗಳನ್ನಿಡುವ ಕಪಾಟಿನ ಬಾಗಿಲು! ಅದರ ಚಿಕ್ಕ ಚಿಕ್ಕ ಹಲಗೆಗಳ ಮೇಲೆ ಕ್ರಿಸ್ತಚರಿತ್ರೆಯನ್ನು ಬರೆದರು. 1455ರ ಫೆಬ್ರವರಿ 18ರಂದು ರೋಮಿನಲ್ಲಿ ದೈವಾಧೀನರಾದರು. ಪೋಪ್ ಎರಡನೆಯ ಜಾನ್ ಪೌಲರು 1982ರಲ್ಲಿ ಅವರ ಧನ್ಯಪದವಿಯನ್ನು ದೃಢಪಡಿಸಿ, 1984ರಲ್ಲಿ ಕಲಾವಿದರ ಪಾಲಕರೆಂದು ಸಾರಿದರು.

ಅವರ ಮರಗಳ ಗತಿ ಬೇರೆ. ಚೌಕ ಚಿತ್ರವೇ ರೂಢಿಯಾದಾಗ, ಫಿಯೆಸೊಲೆಯ ಅವರದೇ ಹಳೆಯ ಗೂಡಿನ ಚಿತ್ರವನ್ನು 1501ರಲ್ಲಿ ಇನ್ನೊಬ್ಬ ಚಿತ್ರಕಾರರು ಚೌಕವಾಗಿ ಮಾರ್ಪಡಿಸಿದರು. ಸಾನ್ ಮಾರ್ಕೊ ಪೀಠದ ಚೌಕಟ್ಟನ್ನು ಮುಂದಿನ ತಲೆಮಾರಿನವರು ಕಳಚಿದರು. ಹಿಂದೊಮ್ಮೆ ತೀಕ್ಷ್ಣ ದ್ರವದಿಂದ ತೊಳೆದು ಬಣ್ಣದ ಮೇಲ್ಪದರವನ್ನೇ ಕಳೆದರು. ತುಂಡುಗಳು ಮ್ಯೂನಿಕ್, ಪ್ಯಾರಿಸ್, ಡಬ್ಲಿನ್, ವಾಷಿಂಗ್ಟನ್ ಸೇರಿದವು. ತೆಗೆದವರು ದುಷ್ಟರಲ್ಲ, ದೇವಾಲಯವನ್ನು ಚೆಂದಗೊಳಿಸಹೊರಟವರು. ಅವರನ್ನು ದೂರಲು ನಮಗೆ ಬಾಯಿಲ್ಲ. ಹೊಸದಾಗಿ ಗುರುವಾಗಿದ್ದಾಗ ನಾವೇ ಒಂದು ಹಳ್ಳಿಯ ಗುಡಿಯಲ್ಲಿ, ಗೆದ್ದಲು ಹಿಡಿದಿದೆಯೆಂದು ಹಳೆಯ ಮರದ ಪೀಠವನ್ನು ಕಳಚಿಸಿ, ಸಿಮೆಂಟಿನದನ್ನು ಕಟ್ಟಿಸಿದೆವು. ಗೆದ್ದಲು ಇದ್ದದ್ದು ಕೆಳಗಿನ ಎರಡು ಹಲಗೆಗಳಲ್ಲಿ ಮಾತ್ರ. ಅದನ್ನು ಕಡೆದ ಆಚಾರಿಯ ಮೊಮ್ಮಗ ಅಂದು ಏನೂ ಹೇಳದೆ, ಕೆತ್ತನೆಯ ಒಂದು ತುಂಡನ್ನು ಕೇಳಿ ಮನೆಗೊಯ್ದನು.

2006ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನ ಒಂದು ಸಾಧಾರಣ ಮನೆಯಲ್ಲಿ ಇಬ್ಬರು ಸಂತರ ಎರಡು ಕಿರುಹಲಗೆಗಳು ದೊರೆತವು. ಅವು ಸಾನ್ ಮಾರ್ಕೊ ಪೀಠದ ಚೌಕಟ್ಟಿನ ಕಂಬಗಳಿಂದ ಬಂದವು. ಮರುವರ್ಷ ಹರಾಜಿನಲ್ಲಿ ಅವಕ್ಕೆ ಸುಮಾರು 17 ಲಕ್ಷ ಪೌಂಡ್ ಬಂತು. 2025ರಲ್ಲಿ ಫ್ಲಾರೆನ್ಸಿನ ಸ್ತ್ರೋತ್ಸಿ ಅರಮನೆಯ ಪ್ರದರ್ಶನಕ್ಕಾಗಿ ನಾನಾ ದೇಶಗಳಿಂದ ಎರವಲು ತಂದು, ಆ ಪೀಠದ ಉಳಿದಿರುವ ತುಂಡುಗಳಲ್ಲಿ ಬಹುಪಾಲನ್ನು ಮತ್ತೆ ಒಂದೇ ಸೂರಿನಡಿ ಕೂಡಿಸಿದರು.