ಸುಮೋ ಹೆಸರಿನ ಹಿಂದಿರುವ ಇಂಜಿನಿಯರ್

ಟಾಟಾ ಸುಮೋಗೆ ಜಪಾನಿನ ಕುಸ್ತಿಪಟುಗಳ ಹೆಸರಿಟ್ಟಿದ್ದಾರೆ ಅಂತಲೇ ಬಹಳ ಜನ ತಿಳಿದಿದ್ದಾರೆ. ಅಲ್ಲ. 1994ರಲ್ಲಿ ಬಂದ ಆ ಗಾಡಿಯ ಹೆಸರು, ಸುಮಂತ್ ಮೂಳಗಾಂವ್ಕರ್ ಎಂಬ ಇಂಜಿನಿಯರ್‌ನ ಹೆಸರು ಮತ್ತು ಮನೆತನದ ಹೆಸರಿನ ಮೊದಲೆರಡು ಇಂಗ್ಲಿಷ್ ಅಕ್ಷರಗಳನ್ನು ಜೋಡಿಸಿ ಮಾಡಿದ್ದು. ಅವರು ಢಾಬಾಗಳಲ್ಲಿ ಕೂತು ಲಾರಿ ಚಾಲಕರ ದೂರು ಕೇಳ್ತಿದ್ರು ಅನ್ನೋ ಕತೆ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಸುತ್ತುತ್ತೆ. ಕತೆ ಇರಲಿ, ಮಾಡಿದ ಕೆಲಸ ಅದಕ್ಕಿಂತ ದೊಡ್ಡದು.

1906ರಲ್ಲಿ ಮುಂಬೈಯಲ್ಲಿ ಹುಟ್ಟಿದ ಮೂಳಗಾಂವ್ಕರ್ ಲಂಡನ್‌ನಲ್ಲಿ ಇಂಜಿನಿಯರಿಂಗ್ ಓದಿದರು. ವಾಪಸ್ ಬಂದು ಸೇರಿದ್ದು ಸಿಮೆಂಟ್ ಉದ್ಯಮ. ಅಲ್ಲಿ ಸಿಮೆಂಟ್ ಕಾರ್ಖಾನೆಯ ಯಂತ್ರಗಳನ್ನೇ ಇಲ್ಲಿ ತಯಾರಿಸಲು ಕೈ ಹಾಕಿದರು. ಮಾಲು ಮಾಡುವುದು ಬೇರೆ, ಮಾಲು ಮಾಡುವ ಯಂತ್ರ ಮಾಡುವುದು ಬೇರೆ. ಅವರ ಬದುಕೆಲ್ಲ ಈ ಎರಡನೆಯದರ ಬೆನ್ನು ಹತ್ತಿತು.

1949ರಲ್ಲಿ ಟೆಲ್ಕೊಗೆ ಬಂದರು. ಇಂದಿನ ಟಾಟಾ ಮೋಟಾರ್ಸ್ ಆಗ ಜಮ್ಶೆಡ್‌ಪುರದಲ್ಲಿ ಉಗಿಬಂಡಿ ಎಂಜಿನ್ ಮಾಡುವ ಕಂಪನಿ. 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ 15 ವರ್ಷದ ಒಪ್ಪಂದವಾಯಿತು, ಅದೇ ವರ್ಷ ಲಾರಿ ಹೊರಬಂತು. 1961ಕ್ಕೆ ಸಿಲೋನ್‌ಗೆ ರಫ್ತೂ ಶುರುವಾಯಿತು.

ಒಪ್ಪಂದಕ್ಕೆ ಕೊನೆಯ ದಿನ ಅಂತ ಒಂದಿದೆ ಅನ್ನೋದನ್ನು ಈ ಮನುಷ್ಯ ಮರೆಯಲಿಲ್ಲ. 1966ರಲ್ಲಿ ಪುಣೆಯಲ್ಲಿ ಹೊಸ ಘಟಕ ಶುರು ಮಾಡಿದಾಗ ಮೊದಲು ಎದ್ದು ನಿಂತಿದ್ದು ಲಾರಿ ಜೋಡಿಸುವ ಸಾಲಲ್ಲ. ಹುಡುಗರಿಗೆ ಕೆಲಸ ಕಲಿಸುವ ತರಬೇತಿ ವಿಭಾಗ, ಡೈ ಮತ್ತು ಅಚ್ಚು ಮಾಡುವ ಟೂಲ್ ರೂಮ್, ಮಷೀನ್ ಟೂಲ್ ವಿಭಾಗ. ಪುಣೆಯಿಂದ ಮೊದಲ ವಾಣಿಜ್ಯ ವಾಹನ ಬಂದಿದ್ದು 1977ರಲ್ಲಿ! ಇವತ್ತಿನ ಹೂಡಿಕೆದಾರರು ಇಷ್ಟು ಕಾಯ್ತಾರಾ? ಆ ಬರಡು ನೆಲದಲ್ಲಿ ಅವರು ಗಿಡ ನೆಡಿಸಿದರು, ಕೆರೆ ಮಾಡಿಸಿದರು. ಅದೂ ಕಾಯುವವರ ಕೆಲಸವೇ.

1969ರಲ್ಲಿ ಒಪ್ಪಂದ ಮುಗಿಯಿತು. ಬೆಂಜ್ ನಕ್ಷತ್ರ ಹೋಗಿ ಟಾಟಾದ 'ಟಿ' ಬಂತು. ಲಾರಿ ನಿಲ್ಲಲಿಲ್ಲ.

ಇದು ಲೈಸೆನ್ಸ್ ರಾಜ್ ಕಾಲ, ಪೈಪೋಟಿ ಕಡಿಮೆ ಇತ್ತು ಅನ್ನೋದು ನಿಜ. ನಿಜವಾದ ಪರೀಕ್ಷೆ ಬಂದಿದ್ದು 1980ರ ದಶಕದಲ್ಲಿ. ಟೊಯೊಟಾ, ನಿಸ್ಸಾನ್, ಮಜ್ದಾ, ಮಿತ್ಸುಬಿಷಿ ನಾಲ್ಕೂ ಇಲ್ಲಿನ ಕಂಪನಿಗಳ ಕೈ ಹಿಡಿದು ಲಘು ಟ್ರಕ್ ತಂದವು. ಟೆಲ್ಕೊ 1986ರಲ್ಲಿ ತನ್ನದೇ 407 ಇಳಿಸಿತು. ಆ ಜಪಾನಿ ಜೋಡಿಗಳು ಒಂದೊಂದಾಗಿ ಬೇರ್ಪಟ್ಟವು. 407 ಮಾತ್ರ ಇವತ್ತಿಗೂ ಟೊಮೆಟೊ ಕ್ರೇಟ್ ಹೊತ್ತು ಕೋಲಾರದ ಮಂಡಿಗೆ ಬರುತ್ತೆ.

ಎಲ್ಲವೂ ಹೂವಿನ ಹಾದಿಯಾಗಿರಲಿಲ್ಲ. ಮೂಳಗಾಂವ್ಕರ್ 1989ರ ಜುಲೈನಲ್ಲಿ ತೀರಿಕೊಂಡಾಗ ಅದೇ ಪುಣೆ ಘಟಕ ಕಾರ್ಮಿಕರ ದೊಡ್ಡ ಹೋರಾಟದ ನಡುವೆ ಇತ್ತು. ಯಂತ್ರ ಕಟ್ಟಿದ ಮಾತ್ರಕ್ಕೆ ಮನುಷ್ಯರ ಲೆಕ್ಕ ಚುಕ್ತಾ ಆಗಲ್ಲ.

ಈಗ ಎಲೆಕ್ಟ್ರಿಕ್ ಬಸ್, ಟ್ರಕ್‌ಗಳ ಸರದಿ. ಬಸ್ಸಿನ ಮೇಲೆ ನಮ್ಮ ಹೆಸರಿದೆ, ಒಳಗಿನ ಬ್ಯಾಟರಿ ಸೆಲ್ ಬಹುಪಾಲು ಚೀನಾದ್ದು. ಸರ್ಕಾರಗಳು ಸಬ್ಸಿಡಿ ಎಣಿಸುತ್ತಿವೆ, ಕಂಪನಿಗಳು ಮಾರಾಟ ಎಣಿಸುತ್ತಿವೆ. ಕೇಳಬೇಕಾದ ಪ್ರಶ್ನೆ ಮೂಳಗಾಂವ್ಕರ್ ಕಾಲದ್ದೇ: ನಾಳೆ ಒಪ್ಪಂದ ಮುಗಿದರೆ, ನಮ್ಮ ಕೈಲಿ ಏನು ಉಳಿಯುತ್ತೆ?