ತುಪ್ಪದ ಹನಿಯಡಿ ಪ್ಲೇಗು ಬೆಳೆಸಿದ ಹಾಫ್ಕಿನ್

ಕಳೆದ ಸೆಮ್‌ನಲ್ಲಿ ಹಂಪಿಗೆ ಹೋಗಿದ್ದಾಗ ಮಾತಂಗ ಬೆಟ್ಟದ ಕೆಳಗೆ ನಮ್ಮಲ್ಲೊಬ್ಬನ ಕಾಲಿಗೆ ಮೊಳೆ ಚುಚ್ಚಿತು. ಹೊಸಪೇಟೆಗೆ ಬಂದು ಟಿಟಿ ಇಂಜೆಕ್ಷನ್ ಹಾಕಿಸಿದೆವು. ಸಂಜೆ ಹೊತ್ತಿಗೆ ಆಸಾಮಿ ಆರಾಮಾಗಿ ಮಿರ್ಚಿ ಮಂಡಕ್ಕಿ ತಿನ್ನುತ್ತಿದ್ದ. ತುಕ್ಕು ಹಿಡಿದ ಮೊಳೆ ಅಂದರೆ ಧನುರ್ವಾಯು ಅಂತ ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ ತುಕ್ಕಿಗೂ ಆ ರೋಗಕ್ಕೂ ಸಂಬಂಧ ಇಲ್ಲ. ಇದ್ದಿದ್ದರೆ ಸಂಡೂರಿನ ಅದಿರು ಲಾರಿಗಳ ಕೆಂಪು ಧೂಳು ಕುಡಿಯೋ ನಾವ್ಯಾರೂ ಉಳೀತಿರಲಿಲ್ಲ. ತಪ್ಪು ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದ್ದು. ಅದೇ ಬ್ಯಾಕ್ಟೀರಿಯಾ ನೂರಿಪ್ಪತ್ತು ವರ್ಷದ ಹಿಂದೆ, ಲಕ್ಷಾಂತರ ಜನರನ್ನು ಉಳಿಸಲು ಹೊರಟಿದ್ದ ಒಬ್ಬ ವಿಜ್ಞಾನಿಯ ಬದುಕನ್ನೇ ಬುಡಮೇಲು ಮಾಡಿತ್ತು. ಅವರ ಹೆಸರು ವಾಲ್ಡೆಮಾರ್ ಹಾಫ್ಕಿನ್.

ಹುಟ್ಟಿದ್ದು 1860ರಲ್ಲಿ, ಕಪ್ಪು ಸಮುದ್ರದ ದಡದ ಒಡೆಸ್ಸಾದಲ್ಲಿ. ಯಹೂದಿ ಮನೆತನ. ಓದುವಾಗಲೇ ಝಾರ್ ದೊರೆಯ ವಿರುದ್ಧದ ಗುಂಪುಗಳ ಜೊತೆ ಓಡಾಡಿ ಪೊಲೀಸರ ಕೈಗೆ ಸಿಕ್ಕಿದ್ದರು. ಮತ ಬದಲಿಸಿದ್ದರೆ ಕಾಲೇಜಿನಲ್ಲಿ ಒಳ್ಳೆ ಹುದ್ದೆ ಸಿಗುತ್ತಿತ್ತು, ಒಪ್ಪಲಿಲ್ಲ. ಗುರು ಮೆಚ್ನಿಕೋಫ್ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ ಸೇರಿದ ಮೇಲೆ ಇವರೂ ಅಲ್ಲಿಗೇ ಹೋದರು. ಖಾಲಿ ಇದ್ದದ್ದು ಸಹಾಯಕ ಲೈಬ್ರರಿಯನ್ ಕೆಲಸ. ಸರಿ, ಅದೇ ಆಗಲಿ ಅಂತ ಸೇರಿಕೊಂಡು, ಬಿಡುವಿನಲ್ಲಿ ಲ್ಯಾಬ್‌ನಲ್ಲಿ ಕೂತರು. (ಈ ಮೆಚ್ನಿಕೋಫ್ ಮೊಸರು ತಿಂದರೆ ಆಯಸ್ಸು ಹೆಚ್ಚುತ್ತೆ ಅಂತ ವಾದಿಸಿದವರು, ಮುಂದೆ ನೊಬೆಲ್ ಕೂಡ ಪಡೆದರು. ಹಾಸ್ಟೆಲ್ ಮೊಸರಿನ ಬಗ್ಗೆ ಅವರ ಅಭಿಪ್ರಾಯ ಕೇಳುವ ಭಾಗ್ಯ ನಮಗಿಲ್ಲ.)

ಇಲ್ಲೊಂದು ಸಣ್ಣ ಬಯಾಲಜಿ, ಪಿಯುಸಿಯಲ್ಲಿ ಮರೆತವರಿಗೆ. ಬ್ಯಾಕ್ಟೀರಿಯಾ ಅಂದರೆ ಒಂದೇ ಜೀವಕೋಶ. ಅದಕ್ಕೆ ನ್ಯೂಕ್ಲಿಯಸ್ ಇಲ್ಲ, ಡಿಎನ್‌ಎ ಕೋಶದೊಳಗೆ ಹಾಗೇ ಸುತ್ತಿಕೊಂಡು ಬಿದ್ದಿರುತ್ತೆ. ಉದ್ದ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್. ಗಂಡು ಹೆಣ್ಣು ಅಂತಿಲ್ಲ, ಬೆಳೆದು ಎರಡಾಗಿ ಸೀಳಿಕೊಳ್ಳುತ್ತೆ, ಅಷ್ಟೆ. ಒಳ್ಳೆ ಊಟ, ಹದವಾದ ಬಿಸಿ ಸಿಕ್ಕರೆ ಕೆಲವು ಜಾತಿ 20 ನಿಮಿಷಕ್ಕೊಮ್ಮೆ ಎರಡಾಗುತ್ತವೆ. ಹತ್ತು ಗಂಟೆಗೆ ಎರಡರ ಮೂವತ್ತನೇ ಘಾತ, ಅಂದರೆ ಒಂದರಿಂದ ನೂರು ಕೋಟಿಗೂ ಹೆಚ್ಚು. ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಿಗ್ಗೆ ಮೊಸರಾಗುವುದು ಈ ಲೆಕ್ಕದ ಮೇಲೇ. ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ನಮ್ಮ ತಂಟೆಗೆ ಬರುವುದಿಲ್ಲ. ಕೆಲವು ಬರುತ್ತವೆ, ಬಂದಾಗ ಇದೇ ಲೆಕ್ಕ ನಮ್ಮ ರಕ್ತದಲ್ಲಿ ನಡೆಯುತ್ತೆ.

ಹಾಫ್ಕಿನ್ ಮೊದಲು ಕೈಹಾಕಿದ್ದು ಕಾಲರಾಕ್ಕೆ. 1892ರ ಜುಲೈ 18ರಂದು ತಮ್ಮ ಲಸಿಕೆಯನ್ನು ತಾವೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದು ಕಲ್ಕತ್ತಾದ ಬಸ್ತಿಗಳಲ್ಲಿ ಓಡಾಡಿ ಲಸಿಕೆ ಹಾಕಿದರು. ಅಷ್ಟರಲ್ಲಿ, 1896ರಲ್ಲಿ, ಬೊಂಬಾಯಿಗೆ ಪ್ಲೇಗು ಬಂತು.

ಪ್ಲೇಗಿನ ರೋಗಾಣುವನ್ನು ಎರಡು ವರ್ಷದ ಹಿಂದಷ್ಟೇ ಹಾಂಗ್‌ಕಾಂಗ್‌ನಲ್ಲಿ ಯೆರ್ಸಿನ್ ಗುರುತಿಸಿದ್ದರು. ಇಲಿಯ ಮೈಮೇಲಿನ ಚಿಗಟ ಅದನ್ನು ಮನುಷ್ಯನಿಗೆ ದಾಟಿಸುತ್ತೆ ಅನ್ನೋದು ಇನ್ನೂ ಗೊತ್ತಾಗಿರಲಿಲ್ಲ. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಹಾಫ್ಕಿನ್‌ಗೆ ಸಿಕ್ಕಿದ್ದು ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಪ್ಯೂನ್. ರೋಗಾಣು ಬೆಳೆಸಲು ಮಾಂಸದ ಸಾರು ಬೇಕು. ದನದ್ದಾದರೆ ಹಿಂದೂಗಳು ಒಪ್ಪಲ್ಲ, ಹಂದಿಯದ್ದಾದರೆ ಮುಸ್ಲಿಮರು ಒಪ್ಪಲ್ಲ. ಆಡಿನ ಮಾಂಸ ತಗೊಂಡರು. ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟರು. ಹೌದು, ನಮ್ಮ ಮನೆ ತುಪ್ಪವೇ. ಪ್ಲೇಗಿನ ಬ್ಯಾಕ್ಟೀರಿಯಾ ಆ ಹನಿಗಳಿಗೆ ಅಂಟಿಕೊಂಡು ಬಿಳಲಿನ ಹಾಗೆ ಕೆಳಕ್ಕೆ ಇಳಿಬೀಳುತ್ತಿತ್ತು. ಆಗಾಗ ಅಲುಗಿಸಿ ಬೀಳಿಸಿದರೆ ಮತ್ತೆ ಹೊಸ ಬಿಳಲು. ವಾರಗಟ್ಟಲೆ ಹೀಗೆ ಬೆಳೆಸಿ, ಕಾಯಿಸಿ ಕೊಂದು, ಕೆಡದಂತೆ ಕಾರ್ಬಾಲಿಕ್ ಆಮ್ಲ ಸೇರಿಸಿದರೆ ಲಸಿಕೆ ಸಿದ್ಧ. ಸತ್ತ ರೋಗಾಣು ರೋಗ ತರಲಾರದು. ಆದರೆ ಅದರ ಗುರುತು ಹಿಡಿದ ದೇಹ, ಜೀವಂತ ರೋಗಾಣು ಬಂದಾಗ ಎದುರಿಸಲು ತಯಾರಾಗಿರುತ್ತೆ. 1897ರ ಜನವರಿ 10ರಂದು ಹಾಫ್ಕಿನ್ 10 ಸಿ.ಸಿ.ಯಷ್ಟು ತಮಗೇ ಚುಚ್ಚಿಸಿಕೊಂಡರು. ಜ್ವರ ಬಂತು, ಹೋಯಿತು. ಅದೇ ತಿಂಗಳು ಬೈಕುಲ್ಲಾ ಜೈಲಿನಲ್ಲಿ ಪ್ಲೇಗು ಕಾಣಿಸಿಕೊಂಡಾಗ ಒಪ್ಪಿದ ಕೈದಿಗಳಿಗೆ ಹಾಕಿದರು. ಹಾಕಿಸಿಕೊಂಡವರಿಗೂ ಬಿಟ್ಟವರಿಗೂ ಇದ್ದ ವ್ಯತ್ಯಾಸ ಕಣ್ಣಿಗೆ ರಾಚುವಂತಿತ್ತು.

ರೋಗ ರೈಲು ಹತ್ತಿ ನಮ್ಮ ಕಡೆಗೂ ಬಂತು. ಇಲ್ಲಿಂದ 145 ಕಿ.ಮೀ. ಆಚೆಯ ಹುಬ್ಬಳ್ಳಿ 1897–98ರಲ್ಲಿ ತತ್ತರಿಸಿತು. ಅಲ್ಲಿ ಲ್ಯೂಮನ್ ಎಂಬ ವೈದ್ಯರು ಮೂವತ್ತು ಸಾವಿರಕ್ಕೂ ಹೆಚ್ಚು ಜನಕ್ಕೆ ಹಾಫ್ಕಿನ್ ಲಸಿಕೆ ಹಾಕಿದರು. ಇಡೀ ದೇಶ ತಿರುಗಿ ನೋಡಿದ ಪ್ರಯೋಗ ಅದು. 1898ರ ಆಗಸ್ಟ್ ಹೊತ್ತಿಗೆ ಪ್ಲೇಗು ಬೆಂಗಳೂರು ಮುಟ್ಟಿತ್ತು. ಆಗಿನ ನಮ್ಮ ಭಾಗದ ಭೂಪಟ ನೋಡಬೇಕು: ಹುಬ್ಬಳ್ಳಿ ಬೊಂಬಾಯಿ ಪ್ರಾಂತ್ಯ, ಹೊಳೆಯಾಚೆಯ ಕೊಪ್ಪಳ ನಿಜಾಮನದು, ಹೊಸಪೇಟೆ ಕಂಪ್ಲಿ ಮದ್ರಾಸಿನವು, ಸಂಡೂರು ಘೋರ್ಪಡೆ ರಾಜರದು. ಇಲಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಕಾಳಿನ ಚೀಲ ಹೋದಲ್ಲೆಲ್ಲ ಅದೂ ಹೋಗುತ್ತಿತ್ತು. ನಮ್ಮ ಗೆಳೆಯನೊಬ್ಬನ ಅಜ್ಜಿ ಕಂಪ್ಲಿಯವರು. ಮನೆಯಲ್ಲಿ ಇಲಿ ಸತ್ತು ಬಿತ್ತು ಅಂದರೆ ಪಾತ್ರೆ ಪಡಗ ಕಟ್ಟಿಕೊಂಡು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರಂತೆ, ಅಂತ ಅತ್ತೆಯಿಂದ ಕೇಳಿದ್ದನ್ನು ಇವತ್ತಿಗೂ ಹೇಳುತ್ತಾರೆ. ಚಿಗಟದ ವಿಚಾರ ತಿಳಿಯದೆಯೂ ಸರಿಯಾದ ಕೆಲಸವನ್ನೇ ಮಾಡುತ್ತಿದ್ದರು ನೋಡಿ.

ಇನ್ನು ಆ ಬಾಟಲಿಯ ವಿಷಯ. 1902ರ ಅಕ್ಟೋಬರ್ 30, ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿ. ಅವತ್ತು ಲಸಿಕೆ ಹಾಕಿಸಿಕೊಂಡವರು 107 ಜನ. ಅವರಲ್ಲಿ 19 ಜನ ಕೆಲವೇ ದಿನಗಳಲ್ಲಿ ಧನುರ್ವಾಯುವಿನಿಂದ ಸತ್ತರು. ಹತ್ತೊಂಬತ್ತೂ ಮಂದಿಗೆ ಚುಚ್ಚಿದ್ದು ಒಂದೇ ಬಾಟಲಿಯಿಂದ, ಅದರ ನಂಬರ್ 53ಎನ್. ಧನುರ್ವಾಯುವಿನ ಬ್ಯಾಕ್ಟೀರಿಯಾ ಗಾಳಿ ಇಲ್ಲದ ಕಡೆ ಬದುಕುವಂಥದ್ದು. ಕಷ್ಟ ಬಂದರೆ ಗಟ್ಟಿ ಕವಚದ ಬೀಜಾಣುವಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿರುತ್ತೆ. ಆಳವಾದ ಗಾಯದೊಳಗೆ ಸೇರಿದರೆ ಎದ್ದು ವಿಷ ಕಾರುತ್ತೆ. ಹೆಚ್ಚು ಲಸಿಕೆ ಬೇಗ ಬೇಕೆಂದು ಹಾಫ್ಕಿನ್ ತಯಾರಿಕೆಯ ವಿಧಾನ ಬದಲಿಸಿ ಕಾರ್ಬಾಲಿಕ್ ಆಮ್ಲ ಬಿಟ್ಟಿದ್ದರು. ವಿಚಾರಣೆ ನಡೆಸಿದವರು ಅದನ್ನೇ ಹಿಡಿದು, ಬೊಂಬಾಯಿಯ ಲ್ಯಾಬಿನಲ್ಲೇ ಬಾಟಲಿ ಕಲುಷಿತವಾಗಿತ್ತು ಅಂದರು. ಹಾಫ್ಕಿನ್ ಕೆಲಸ ಹೋಯಿತು.

ಅವರು ಸುಮ್ಮನೆ ಕೂರಲಿಲ್ಲ. ಬಾಟಲಿ ತುಂಬಿ 41 ದಿನ ಆಗಿತ್ತು. ರೋಗಾಣು ಮೊದಲೇ ಸೇರಿದ್ದರೆ ಅಷ್ಟು ದಿನದಲ್ಲಿ ಬೆಳೆದು ಗಬ್ಬು ನಾರಬೇಕಿತ್ತು ಅನ್ನೋದು ಅವರ ವಾದ. ಹಳ್ಳಿಯಲ್ಲಿ ಬಾಟಲಿ ತೆಗೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಸರಿಯಾಗಿ ಶುದ್ಧಿ ಮಾಡದೆ ಅದರಿಂದಲೇ ಬಿರಡೆ ಕಿತ್ತಿದ್ದ. ಈ ಸಂಗತಿ ಕಡತಗಳಲ್ಲೇ ಇತ್ತು. ಆದರೂ ನ್ಯಾಯ ಸಿಗಲು ಐದು ವರ್ಷ ಬೇಕಾಯಿತು. 1907ರ ಜುಲೈನಲ್ಲಿ ಮಲೇರಿಯಾ ಖ್ಯಾತಿಯ ರೊನಾಲ್ಡ್ ರಾಸ್ ಸೇರಿ ಹತ್ತು ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದ ಮೇಲೆ ಸರ್ಕಾರ ಬಗ್ಗಿತು. ಅದೇ 1907ರಲ್ಲಿ ಭಾರತದಲ್ಲಿ ಪ್ಲೇಗಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಬಲಿಯಾದರು. ಪ್ಲೇಗಿನ ಲಸಿಕೆ ಕಂಡುಹಿಡಿದ ಮನುಷ್ಯ ಆಗ ಯುರೋಪಿನಲ್ಲಿ ತನ್ನ ಹೆಸರು ತೊಳೆದುಕೊಳ್ಳಲು ಕಾಗದ ಬರೆಯುತ್ತಿದ್ದ. ನಮಗೆ ಹೊಟ್ಟೆ ಉರಿಯುವುದು ಇಲ್ಲೇ.

ಮತ್ತೆ ಭಾರತಕ್ಕೆ ಬಂದರು. ಆದರೆ ಕೊಟ್ಟಿದ್ದು ಕಲ್ಕತ್ತಾದ ಒಂದು ಲ್ಯಾಬು, ಪರೇಲಿನಲ್ಲಿ ತಾವೇ ಕಟ್ಟಿ ಬೆಳೆಸಿದ್ದಲ್ಲ. ಜನರ ಮೇಲೆ ಹೊಸ ಪ್ರಯೋಗಕ್ಕೆ ಅನುಮತಿ ಕೊಡಲಿಲ್ಲ. ನಿವೃತ್ತರಾಗಿ ಯುರೋಪಿಗೆ ಹೋದರು. ಮದುವೆ ಆಗಿರಲಿಲ್ಲ. 1925ರಲ್ಲಿ ಪರೇಲಿನ ಆ ಲ್ಯಾಬಿಗೆ ಹಾಫ್ಕಿನ್ ಸಂಸ್ಥೆ ಅಂತ ಹೆಸರಿಟ್ಟರು. ಐದು ವರ್ಷದ ಮೇಲೆ, 1930ರ ಅಕ್ಟೋಬರ್ 26ರಂದು, ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡರು. ಮುಂಬೈಯಲ್ಲಿ ಆ ಸಂಸ್ಥೆ ಇವತ್ತಿಗೂ ಅದೇ ಹೆಸರಿನಲ್ಲಿ ನಡೆಯುತ್ತಿದೆ.